ಈಥರ್ನೆಟ್ ಡ್ರೈವರ್‌ನಲ್ಲಿ ಎಲ್ಲೆಲ್ಲೂ ಒಂದೇ ಲೂಪ್: ನನ್ನ ಅನುಭವ

ಹಳೆಯ ಈಥರ್ನೆಟ್ ಡ್ರೈವರ್ (ನೆಟ್‌ವರ್ಕ್ ಚಿಪ್ ನಡೆಸುವ ಕೋಡ್) ಒಂದನ್ನು ಹೊಸ ಲಿನಕ್ಸ್ ಕರ್ನಲ್‌ಗೆ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಫೈಲ್ ತೆರೆದರೆ ಎಲ್ಲಿ ನೋಡಿದರೂ ಅದೇ ಲೂಪ್. ರಿಜಿಸ್ಟರ್ (ಚಿಪ್‌ನ ಸ್ಥಿತಿ ತಿಳಿಸುವ ಪುಟ್ಟ ಮೆಮೊರಿ) ಓದು, ‘ಇನ್ನೂ ಕೆಲಸದಲ್ಲಿದ್ದೇನೆ’ ಎನ್ನುವ ಬ್ಯುಸಿ ಬಿಟ್ 0ಗೆ ಇಳಿಯಿತಾ ನೋಡು, ಇಲ್ಲವಾದರೆ ಸ್ವಲ್ಪ ಕಾದು ಮತ್ತೆ ಓದು. ಎಂಡಿಐಒ ಎಂಬ ಪುಟ್ಟ ಬಸ್ ಮೂಲಕ ಪಿಎಚ್‌ವೈ (ಕೇಬಲ್ ಕಡೆಯ ಸಿಗ್ನಲ್ ನೋಡಿಕೊಳ್ಳುವ ಭಾಗ) ಜೊತೆ ಮಾತಾಡುವಾಗ, ಚಿಪ್ ರಿಸೆಟ್ ಮಾಡುವಾಗ, ಡಿಎಂಎ (ಚಿಪ್ ಸಿಪಿಯು ನೆರವಿಲ್ಲದೆ ನೇರವಾಗಿ ಮೆಮೊರಿ ಓದಿ ಬರೆಯುವುದು) ನಿಲ್ಲಿಸುವಾಗ, ಎಲ್ಲ ಕಡೆ.

ಇದಕ್ಕೆ ಕರ್ನಲ್‌ನಲ್ಲೇ ರೆಡಿ ಮ್ಯಾಕ್ರೊ (ಹೆಸರು ಬರೆದರೆ ಬಂದು ಕೂರುವ ಸಿದ್ಧ ಕೋಡ್) ಇದೆ: ಐಒಪೋಲ್ ಹೆಡರ್‌ನ ರೀಡ್‌ಎಲ್_ಪೋಲ್_ಟೈಮ್‌ಔಟ್. ವಿಳಾಸ, ವೇರಿಯಬಲ್, ಷರತ್ತು, ನಡುವೆ ಎಷ್ಟು ಮೈಕ್ರೊಸೆಕೆಂಡ್ ಬಿಡಬೇಕು, ಒಟ್ಟು ಎಷ್ಟು ಕಾಯಬೇಕು, ಇಷ್ಟು ಕೊಟ್ಟರೆ ಸಾಕು. ಕೆಲಸ ಆದರೆ 0 ಬರುತ್ತದೆ, ಸಮಯ ಮೀರಿದರೆ ಟೈಮ್‌ಔಟ್ ಎರರ್.

ಹುಡುಕಿ ಬದಲಿಸಿದರೆ ಮುಗಿಯಿತಲ್ವಾ? ಇಲ್ಲ. ಲೂಪ್‌ಗಳನ್ನು ಅಕ್ಕಪಕ್ಕ ಇಟ್ಟು ಓದಿದೆ. ಕೆಲವು ಬಿಟ್ 0 ಆಗಲಿ ಎಂದು ಕಾಯುತ್ತಿದ್ದವು, ಕೆಲವು 1 ಆಗಲಿ ಎಂದು. ಡಿಎಂಎ ನಿಲ್ಲಿಸುವ ಲೂಪ್ ಮಾತ್ರ ಸಮಯ ಮೀರಿದರೂ ಸುಮ್ನೆ ಮುಂದೆ ಹೋಗುತ್ತಿತ್ತು. ಬರೆದವರು ಬೇಕಂತಲೇ ಹಾಗೆ ಬಿಟ್ಟರಾ? ಕಾಮೆಂಟ್ ಇರಲಿಲ್ಲ. ಗಿಟ್ ಬ್ಲೇಮ್ (ಯಾವ ಸಾಲನ್ನು ಯಾರು, ಯಾವಾಗ ಬದಲಿಸಿದರು ಎಂಬ ದಾಖಲೆ) ಮತ್ತು ಚಿಪ್‌ನ ಡೇಟಾಶೀಟ್ ಹಿಡಿದು ಕೂತದ್ದೇ ಜಾಸ್ತಿ. ಡಿಎಂಎ ನಿಲ್ಲುವ ಮೊದಲೇ ಬಫರ್ ಫ್ರೀ ಆದರೆ, ಆ ಮೆಮೊರಿ ಬೇರೆಯವರ ಕೈಗೆ ಹೋದ ಮೇಲೂ ಚಿಪ್ ಅದಕ್ಕೇ ಬರೆಯುತ್ತಿರುತ್ತದೆ. ಹಾಗಾಗಿ ಅಲ್ಲಿ ಎರರ್ ಬೇಕೇ ಬೇಕು.

ಇನ್ನೊಂದು ವಿಷಯ. ಈ ಮ್ಯಾಕ್ರೊ ಓದುಗಳ ನಡುವೆ ಸ್ಲೀಪ್ ಆಗುತ್ತದೆ, ಅಂದರೆ ಸಿಪಿಯು ಬಿಟ್ಟುಕೊಟ್ಟು ಕಾಯುತ್ತದೆ. ಎಂಡಿಐಒ ಓದು-ಬರಹ ಮ್ಯೂಟೆಕ್ಸ್ (ಹಿಡಿದಿದ್ದರೂ ಸ್ಲೀಪ್ ಆಗಬಹುದಾದ ಲಾಕ್) ಹಿಡಿದು ನಡೆಯುವುದರಿಂದ ಅಲ್ಲಿ ತೊಂದರೆ ಇಲ್ಲ. ಸ್ಪಿನ್‌ಲಾಕ್ (ಹಿಡಿದಾಗ ಸ್ಲೀಪ್ ಆಗಬಾರದ ಲಾಕ್) ಹಿಡಿದಿದ್ದರೆ ಅಥವಾ ಇಂಟರಪ್ಟ್ ಒಳಗಿದ್ದರೆ ಹೆಸರಿನ ಕೊನೆಯಲ್ಲಿ ಅಟಾಮಿಕ್ ಎಂದಿರುವ ಮ್ಯಾಕ್ರೊ ಬಳಸಬೇಕು.

ಸಾಲು ಕಡಿಮೆಯಾದದ್ದಕ್ಕಿಂತ ನನಗೆ ಖುಷಿ ಕೊಟ್ಟದ್ದು ಬೇರೆ. ಜಿಫಿಸ್ (ಕರ್ನಲ್‌ನ ಟಿಕ್ ಎಣಿಕೆ) ಲೆಕ್ಕದ ಹಳೆಯ ಲೂಪ್ ರಿಜಿಸ್ಟರ್ ಓದಿ, ಆಮೇಲೆ ಗಡಿಯಾರ ನೋಡುತ್ತಿತ್ತು. ಇವೆರಡರ ನಡುವೆ ಶೆಡ್ಯೂಲರ್ ಬೇರೆ ಕೆಲಸಕ್ಕೆ ಸಿಪಿಯು ಕೊಟ್ಟರೆ ಕಥೆ ಮುಗಿಯಿತು: ಬಿಟ್ ಅಷ್ಟರಲ್ಲಿ ಇಳಿದಿದ್ದರೂ ಲೂಪ್ ಟೈಮ್‌ಔಟ್ ಅನ್ನುತ್ತದೆ. ಲೋಡ್ ಜಾಸ್ತಿ ಇದ್ದಾಗ ಮಾತ್ರ ಕಾಣುವ, ಹಿಡಿಯಲು ಪ್ರಾಣ ಹಿಂಡುವ ಬಗ್ ಇದು. ಮ್ಯಾಕ್ರೊ ಸಮಯ ಮೀರಿದ ಮೇಲೂ ಕೊನೆಗೊಮ್ಮೆ ಓದಿ, ಆಮೇಲೆ ತೀರ್ಪು ಕೊಡುತ್ತದೆ.

ಪ್ಯಾಚ್‌ಗಳನ್ನು ಬೇರೆಬೇರೆ ಮಾಡಿದೆ. ಲೂಪ್ ಬದಲಾವಣೆ ಮೊದಲು, ಡಿಎಂಎ ಎರರ್ ಪ್ರತ್ಯೇಕ. ಸಾಧನ ಸಿಕ್ಕಾಗ ಓಡುವ ಪ್ರೋಬ್ ಫಂಕ್ಷನ್‌ನಲ್ಲಿ, ಎರರ್ ಬಂದರೆ ಹಿಡಿದದ್ದನ್ನು ಬಿಡಲು ಇರುವ ಗೋಟು ಲೇಬಲ್‌ಗಳನ್ನೂ, ಬಿಡುಗಡೆಯನ್ನು ತಾವೇ ಮಾಡುವ ಡೆವ್‌ಎಂ ಫಂಕ್ಷನ್‌ಗಳನ್ನು ಬಳಸಿ ತೆಗೆಯಬಹುದಿತ್ತು. ಆದರೆ ಆಗ ಬಿಡುಗಡೆಯ ಕ್ರಮ ಬದಲಾಗುತ್ತದೆ, ಕ್ಲಾಕ್ ಮೊದಲೇ ನಿಂತರೆ ರಿಜಿಸ್ಟರ್ ಮುಟ್ಟಿದ ಕೂಡಲೇ ನಮ್ಮ ಬೋರ್ಡ್ ಹ್ಯಾಂಗ್. ಅದನ್ನು ಸದ್ಯಕ್ಕೆ ಹಾಗೇ ಬಿಟ್ಟಿದ್ದೇನೆ.