ಕುಕ್ಕರ್ ಕೂಗಿದರೆ ಬಾಲ್ಕನಿಗೆ ಓಡುತ್ತಿದ್ದೆ

ಮೂರು ವರ್ಷ ಪಿ.ಜಿ. ಊಟ ತಿಂದು ಸಾಕಾಗಿ ಹನುಮಂತನಗರದಲ್ಲಿ ಒಂದು ಸಣ್ಣ ಮನೆ ಹಿಡಿದೆ. ಅಮ್ಮ ತುಮಕೂರಿಂದ ಬಂದು ಹಾಲು ಉಕ್ಕಿಸಿ, ಡಬ್ಬಿಗಳಿಗೆ ಬೇಳೆ ಕಾಳು ತುಂಬಿ, ಮೂರು ಲೀಟರಿನ ಕುಕ್ಕರ್ ಒಂದನ್ನು ಒಲೆ ಪಕ್ಕ ಇಟ್ಟು ಹೋದಳು. ಎರಡು ತಿಂಗಳು ಅದು ಅಲ್ಲೇ ಕೂತಿತ್ತು. ಚಿಕ್ಕವನಿದ್ದಾಗ ನಮ್ಮ ಅಡುಗೆಮನೆ ಸೂರಿಗೆ ಬೇಳೆ ಚಿಮ್ಮಿದ್ದನ್ನು ನೋಡಿದ್ದೆ. ಆ ಹಳದಿ ಕಲೆ ಮುಂದಿನ ಸಲ ಸುಣ್ಣ ಬಳಿಯುವ ತನಕ ಹೋಗಿರಲಿಲ್ಲ. ನನ್ನ ತಲೆಯಿಂದಂತೂ ಆಮೇಲೂ ಹೋಗಲಿಲ್ಲ.

ಕುಕ್ಕರ್ ಬೇಡ ಅಂತ ಪಾತ್ರೆಯಲ್ಲೇ ಬೇಳೆ ಬೇಯಿಸಲು ಹೊರಟೆ. ಒಂದು ಗಂಟೆ ಕುದ್ದರೂ ತೊಗರಿಬೇಳೆ ಕಲ್ಲು ಕಲ್ಲು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ ಅಲ್ವಾ, ಇಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಉರಿ ಎಷ್ಟು ಜಾಸ್ತಿ ಮಾಡಿದರೂ ತೆರೆದ ಪಾತ್ರೆಯಲ್ಲಿ ಅದರ ಮೇಲೆ ಏರಲ್ಲ. ಕುಕ್ಕರಿನೊಳಗೆ ಹಬೆ ಒತ್ತಿ ಹಿಡಿದಿರುವುದರಿಂದ ಸುಮಾರು 120ರ ತನಕ ಹೋಗುತ್ತದೆ. ಇದನ್ನೆಲ್ಲ ಓದಿಕೊಂಡು ಊರಿನ ಎತ್ತರವನ್ನೇ ಬೈಯುತ್ತಾ ಕೂತಿದ್ದೆ. ನಿಜ ಹೇಳಬೇಕೆಂದರೆ ದೊಡ್ಡ ತಪ್ಪು ನನ್ನದೇ. ಹುಣಸೆರಸ ಮೊದಲೇ ಸುರಿದಿದ್ದೆ. ಹುಳಿ ಬಿದ್ದರೆ ಬೇಳೆ ಬೇಗ ಬೇಯಲ್ಲ.

ಇದು ಹೇಳಿದ್ದು ಕೆಳಗಿನ ಮನೆಯ ಓನರ್ ಆಂಟಿ. ಕುಕ್ಕರ್ ಕಂಡರೆ ಭಯ ಅಂದಾಗ ಅವರು ನಗಲಿಲ್ಲ. "ಮೊದಲು ಅದನ್ನ ಪೂರ್ತಿ ಬಿಚ್ಚಿ ನೋಡಪ್ಪ" ಅಂದರು. ಮುಚ್ಚಳ, ರಬ್ಬರ್ ಗ್ಯಾಸ್ಕೆಟ್, ವಿಷಲ್, ಸೇಫ್ಟಿ ವಾಲ್ವ್. ಅಷ್ಟೇ. ವಿಷಲ್ ಕೂರುವ ಕೊಳವೆಯನ್ನು ಕಿಟಕಿಯತ್ತ ಹಿಡಿದರೆ ಬೆಳಕು ಕಾಣಬೇಕು. ಕಾಣದಿದ್ದರೆ ಬೇಳೆಯೋ ಅನ್ನವೋ ಸಿಕ್ಕಿಕೊಂಡಿದೆ ಅಂತ ಅರ್ಥ. ಹಬೆಗೆ ದಾರಿಯಿಲ್ಲ ಅಂದಾಗಲೇ ಅಪಾಯ. ಆಗಲೂ ಕೊನೆಗೆ ಆ ವಾಲ್ವ್ ತೆರೆದುಕೊಂಡು ಹಬೆ ಹೊರಗೆ ಬಿಡುತ್ತದೆ.

ಆಮೇಲೆ ಅವರು ಮಾಡಿಸಿದ ಕೆಲಸ ನನಗೆ ಇನ್ನೂ ಇಷ್ಟ. ಬೇಳೆ ಇಲ್ಲ, ಅಕ್ಕಿ ಇಲ್ಲ, ಸುಮ್ನೆ ಎರಡು ಲೋಟ ನೀರು ಹಾಕಿ ಕುಕ್ಕರ್ ಕೂಗಿಸು ಅಂದರು. ಮೊದಲನೇ ಸಲ ಬಾಲ್ಕನಿಗೆ ಓಡಿದೆ. ಎರಡನೇ ಸಲ ಬಾಗಿಲಲ್ಲಿ ನಿಂತೆ. ಮೂರನೇ ಸಲ ಒಲೆ ಮುಂದೆಯೇ ನಿಂತು ಕೇಳಿಸಿಕೊಂಡೆ. ಮೊದಲು ಸಣ್ಣಗೆ ಸುಯ್ ಅನ್ನುತ್ತೆ, ವಿಷಲ್ ಅಲ್ಲಾಡುತ್ತೆ, ಆಮೇಲೆ ಕೂಗು. ಮುಂಚೆ ಗೊತ್ತಾದರೆ ಬೆಚ್ಚಿ ಬೀಳಲ್ಲ. ಆರಿಸಿದ ಮೇಲೆ ಹಬೆ ತಾನಾಗಿ ಇಳಿಯುವ ತನಕ ಮುಚ್ಚಳದ ಜೊತೆ ಗುದ್ದಾಡಬಾರದು, ಇದೊಂದನ್ನು ಮಾತ್ರ ಆಂಟಿ ಗದರಿಸಿಯೇ ಹೇಳಿದರು.

ಈಗ ಬೇಳೆ, ನೀರು ಸೇರಿ ಅರ್ಧಕ್ಕಿಂತ ಮೇಲೆ ತುಂಬಲ್ಲ. ಚಿಟಿಕೆ ಅರಿಶಿನ, ಒಂದು ಚಮಚ ಎಣ್ಣೆ. ಎಣ್ಣೆ ಹಾಕಿದರೆ ನೊರೆ ಕಮ್ಮಿ. ಒಂದು ಕೂಗು ಬಂದ ಮೇಲೆ ಉರಿ ಸಣ್ಣ.

ಒಗ್ಗರಣೆಯ ಭಯ ಇದಕ್ಕಿಂತ ಸುಲಭವಾಗಿ ಹೋಯಿತು. ಗಾಂಧಿ ಬಜಾರಿನಿಂದ ತಂದ ಕರಿಬೇವನ್ನು ತೊಳೆದು ಹಾಗೇ ಎಣ್ಣೆಗೆ ಹಾಕುತ್ತಿದ್ದೆ. ಸಿಡಿಯುತ್ತಿದ್ದದ್ದು ಎಲೆಯಲ್ಲ, ಅದರ ಮೇಲಿನ ನೀರು. ಈಗ ಬಟ್ಟೆಯಲ್ಲಿ ಒರೆಸಿ ಹಾಕುತ್ತೇನೆ. ಒಂದೇ ಒಂದು ಸಾಸಿವೆ ಹಾಕಿ ನೋಡುತ್ತೇನೆ, ಅದು ಚಟ್ ಅಂದರೆ ಉಳಿದದ್ದು. ಇಂಗು, ಬ್ಯಾಡಗಿ ಮೆಣಸಿನಕಾಯಿ ಕೊನೆಗೆ, ಇಲ್ಲದಿದ್ದರೆ ಕರಟಿ ಕಹಿ.

ಮುದ್ದೆ ಮಾತ್ರ ಇನ್ನೂ ಗಂಟು ಗಂಟು. ಹೋದ ವಾರ ಚಮಚದಲ್ಲಿ ತಿರುವಲು ಹೋಗಿ ಚಮಚವೇ ಬಾಗಿತು. ಆಂಟಿ ಭಾನುವಾರ ಮುದ್ದೆ ಕೋಲು ಕೊಡುತ್ತೇನೆ ಅಂದಿದ್ದಾರೆ. ಜೊತೆಗೆ ಕೆಳಗೇ ಬಂದು ತಿರುವಬೇಕಂತೆ, ಅವರ ಮನೆಗೂ ಸೇರಿಸಿ.