ಜೀನ್ಸ್ ಲೆಕ್ಕದಿಂದ ಡೇಟಾ ಕೆಲಸಕ್ಕೆ

ಡೇಟಾ ಸೈನ್ಸ್ ಕೆಲಸದ ಸಂದರ್ಶನವೆಂದರೆ ಮಷೀನ್ ಲರ್ನಿಂಗ್ ಪರೀಕ್ಷೆ ಎಂದುಕೊಂಡು ಹೋಗುವವರೇ ಹೆಚ್ಚು. ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಮೊದಲ ಸುತ್ತಿಡೀ ಕೇಳಿದ್ದು ಎಸ್‌ಕ್ಯೂಎಲ್, ಅಂದರೆ ಡೇಟಾಬೇಸ್‌ನ ಪಟ್ಟಿಗಳಿಂದ ಬೇಕಾದ ಮಾಹಿತಿ ತೆಗೆಯುವ ಭಾಷೆ. ಈಗ ಬಳ್ಳಾರಿಯ ಮನೆಯಿಂದಲೇ ಕೆಲಸ ಮಾಡುತ್ತೇನೆ. ಹೊಸಬರನ್ನು ಸಂದರ್ಶಿಸುವ ಸರದಿ ಬಂದಾಗ ನಾನೂ ಎಸ್‌ಕ್ಯೂಎಲ್‌ನಿಂದಲೇ ಆರಂಭಿಸುತ್ತೇನೆ.

ಓದಿದ್ದು ಬಿ.ಕಾಂ. ಆಮೇಲೆ ಇಲ್ಲಿನ ಒಂದು ಜೀನ್ಸ್ ಘಟಕದಲ್ಲಿ ಟ್ಯಾಲಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಸಗಟು ಖರೀದಿದಾರರು ಬಿಲ್ಲಿನ ಹಣವನ್ನು ಒಂದೇ ಸಲಕ್ಕೆ ಕೊಡುತ್ತಿರಲಿಲ್ಲ, ಕಂತಿನಲ್ಲಿ ಕೊಡುತ್ತಿದ್ದರು. ಇದು ತಿಳಿದವರಿಗೆ ಜಾಯಿನ್, ಅಂದರೆ ಎರಡು ಪಟ್ಟಿಗಳನ್ನು ಜೋಡಿಸುವುದು, ಅರ್ಧ ಬಂದ ಹಾಗೆಯೇ. 40,000 ರೂಪಾಯಿಯ ಬಿಲ್ಲಿಗೆ ಎರಡು ಕಂತು ಜಮೆಯಾಗಿದೆ ಎನ್ನಿ. ಬಿಲ್ಲಿನ ಪಟ್ಟಿಯನ್ನೂ ಜಮೆಯ ಪಟ್ಟಿಯನ್ನೂ ಜೋಡಿಸಿದರೆ ಆ ಬಿಲ್ಲು ಎರಡು ಸಾಲಾಗುತ್ತದೆ, ಮೊತ್ತ ಕೂಡಿದರೆ 80,000 ಬರುತ್ತದೆ. ಕೋಡ್ ದೋಷ ತೋರಿಸುವುದಿಲ್ಲ, ಉತ್ತರ ಮಾತ್ರ ತಪ್ಪು. ಮೊದಲು ಜಮೆಗಳನ್ನು ಬಿಲ್ಲುವಾರು ಕೂಡಿಸಿ ಆಮೇಲೆ ಜೋಡಿಸಬೇಕು. ಜಾಯಿನ್‌ಗೆ ಮುಂಚೆ ಎಷ್ಟು ಸಾಲಿದ್ದವು, ನಂತರ ಎಷ್ಟಾದವು ಎಂದು ತಾನಾಗಿಯೇ ಎಣಿಸುವ ಅಭ್ಯರ್ಥಿ ನನಗೆ ಅಲ್ಲಿಗೇ ಇಷ್ಟವಾಗುತ್ತಾನೆ. ಇನ್ನೊಂದು ಮೆಚ್ಚಿನ ಪ್ರಶ್ನೆ: ಗಿರಾಕಿಗಳ ಪಟ್ಟಿಗೆ ಲೆಫ್ಟ್ ಜಾಯಿನ್ (ಎಡಗಡೆಯ ಪಟ್ಟಿಯ ಎಲ್ಲ ಸಾಲನ್ನೂ ಉಳಿಸುವ ಜೋಡಣೆ) ಮಾಡಿ, ಬಲಗಡೆಯ ಜಮೆ ಪಟ್ಟಿಯ ಮೇಲಿನ ಷರತ್ತನ್ನು ಸಾಲುಗಳನ್ನು ಸೋಸುವ 'ವೇರ್' ಭಾಗದಲ್ಲಿ ಬರೆದರೆ ಏನಾಗುತ್ತದೆ? ಒಂದು ಪೈಸೆಯೂ ಕೊಡದ ಗಿರಾಕಿಗಳೇ ಪಟ್ಟಿಯಿಂದ ಮಾಯವಾಗುತ್ತಾರೆ. ಮಾಲೀಕರಿಗೆ ಬೇಕಾದದ್ದು ಆ ಗಿರಾಕಿಗಳದೇ ಹೆಸರು!

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬೇಡವೆನ್ನುತ್ತಿಲ್ಲ. ಪಟ್ಟಿಗಳ ಕೆಲಸಕ್ಕೆಂದೇ ಅದರಲ್ಲಿರುವ ಪಾಂಡಾಸ್‌ನಲ್ಲಿ ಗುಂಪು ಮಾಡುವುದು, ಜೋಡಿಸುವುದು, ದಿನಾಂಕ ತಿದ್ದುವುದು, ಪದೇ ಪದೇ ಬರುವ ಕೆಲಸವನ್ನು ಫಂಕ್ಷನ್ ಆಗಿ ಬರೆಯುವುದು, ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಇಡುವುದು. ಮೊದಲ ಕೆಲಸಕ್ಕೆ ಇಷ್ಟು ನನಗೆ ಸಾಕಾಯಿತು.

ನನ್ನನ್ನು ದಡ ಸೇರಿಸಿದ್ದು ಸ್ವಂತ ಪ್ರಾಜೆಕ್ಟ್. ಕಲಿಯುವವರೆಲ್ಲ ಅಭ್ಯಾಸಕ್ಕೆ ಹಿಡಿಯುವ ಟೈಟಾನಿಕ್ ಹಡಗಿನ ಪ್ರಯಾಣಿಕರ ಪಟ್ಟಿಯನ್ನು ಬಿಟ್ಟು, ನಮ್ಮ ಭಾಗದ ಕೃಷಿ ಅಂಕಿಅಂಶ ಮತ್ತು ಎಪಿಎಂಸಿ ದರಗಳನ್ನು ಹಿಡಿದೆ. ಜಿಲ್ಲಾವಾರು ಪಟ್ಟಿ ಜೋಡಿಸುತ್ತಿದ್ದಂತೆ ಇತಿಹಾಸವೇ ಎದುರು ನಿಂತಿತು. 2014ರ ನವೆಂಬರ್ 1ರಂದು ನಮ್ಮ ಊರಿನ ಇಂಗ್ಲಿಷ್ ಕಾಗುಣಿತ ಬದಲಾಯಿತು. ಹಳೆಯ ಕಡತ ಒಂದು ಹೆಸರಲ್ಲಿ, ಹೊಸದು ಇನ್ನೊಂದರಲ್ಲಿ. ಕಂಪ್ಯೂಟರಿಗೆ ಅವು ಎರಡು ಬೇರೆ ಜಿಲ್ಲೆಗಳು. ಹೆಸರಿನ ಗೊಂದಲವಾದರೂ ಸುಲಭ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಹೊಸಪೇಟೆ, ಕೂಡ್ಲಿಗಿ, ಹೂವಿನಹಡಗಲಿ ಮುಂತಾದ ತಾಲ್ಲೂಕುಗಳು ಅತ್ತ ಹೋದವು. ರೇಖಾಚಿತ್ರದಲ್ಲಿ ಬಳ್ಳಾರಿಯ ಬಿತ್ತನೆ ಪ್ರದೇಶ ಧಡಕ್ಕನೆ ಕುಸಿಯುತ್ತದೆ. ಅದನ್ನು ಬರಗಾಲ ಎಂದು ಓದುವವರಿದ್ದಾರೆ. ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರೆಯಾಯಿತು. ಅಲ್ಲಿಯೂ ಇದೇ ಕಥೆ. ಹರಪನಹಳ್ಳಿಯಂತೂ ಅದೇ ವರ್ಷ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಈಗ ವಿಜಯನಗರದಲ್ಲಿದೆ. ಹಾಗಾಗಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಆಧಾರವಾಗಿಟ್ಟುಕೊಂಡೆ, ಯಾವ ತಾಲ್ಲೂಕು ಯಾವ ವರ್ಷ ಯಾವ ಜಿಲ್ಲೆಯಲ್ಲಿತ್ತು ಎಂಬ ಪ್ರತ್ಯೇಕ ಪಟ್ಟಿ ಮಾಡಿದೆ. ಸಂದರ್ಶನದಲ್ಲಿ ಹೆಚ್ಚು ಹೊತ್ತು ಮಾತು ನಡೆದದ್ದು ಈ ಪಟ್ಟಿಯ ಮೇಲೆಯೇ.

ದರಗಳದ್ದು ಬೇರೆ ಪಾಠ. ಮಾರುಕಟ್ಟೆ ದರಗಳ ಸರ್ಕಾರಿ ಜಾಲತಾಣ ಆಗ್‌ಮಾರ್ಕ್‌ನೆಟ್‌ನಲ್ಲಿ ಕನಿಷ್ಠ, ಗರಿಷ್ಠ, ಮೋಡಲ್ (ಹೆಚ್ಚಿನ ಮಾಲು ಮಾರಾಟವಾದ) ದರ ಮತ್ತು ಆವಕ ಸಿಗುತ್ತವೆ. ಒಂದು ಮಾರುಕಟ್ಟೆಗೆ 10 ಕ್ವಿಂಟಲ್ ಬಂದು 7,000 ರೂಪಾಯಿಗೆ ಹೋಯಿತು, ಇನ್ನೊಂದಕ್ಕೆ 900 ಕ್ವಿಂಟಲ್ ಬಂದು 6,000ಕ್ಕೆ ಹೋಯಿತು ಎಂದುಕೊಳ್ಳಿ. ಬರೀ ಸರಾಸರಿ 6,500. ಆವಕದ ತೂಕ ಕೊಟ್ಟು ಲೆಕ್ಕ ಹಾಕಿದರೆ ಸುಮಾರು 6,011. ರೈತರ ಕೈಗೆ ನಿಜವಾಗಿ ಬಂದ ದರಕ್ಕೆ ಹತ್ತಿರವಾದದ್ದು ಎರಡನೆಯದು. ಇದಕ್ಕೆ ದೊಡ್ಡ ಗಣಿತ ಬೇಡ. ವಿಶ್ಲೇಷಣಾ ಕೌಶಲ ಎಂದು ಜಾಹೀರಾತಿನಲ್ಲಿ ಬರೆಯುವುದು ಬಹುಮಟ್ಟಿಗೆ ಇದನ್ನೇ.

ಹಳೆಯ ಡೇಟಾ ನೋಡಿ ಮುಂದಿನದನ್ನು ಊಹಿಸುವ ಮಷೀನ್ ಲರ್ನಿಂಗ್ ಮಾದರಿಗಳ (ಮಾಡೆಲ್) ಪ್ರಶ್ನೆ ಸಂದರ್ಶನದ ಕೊನೆಗೆ ಬಂತು. ನೂರು ಸಾಲಗಾರರಲ್ಲಿ ಮೂವರು ಸಾಲ ತೀರಿಸುವುದಿಲ್ಲ. ಒಂದು ಮಾದರಿ 97 ಶೇಕಡಾ ನಿಖರವಾಗಿದೆ, ಒಳ್ಳೆಯದೇ? ಎಲ್ಲರೂ ತೀರಿಸುತ್ತಾರೆ ಎಂದು ಕಣ್ಣುಮುಚ್ಚಿ ಹೇಳಿದರೂ 97 ಬರುತ್ತದೆಯಲ್ಲ! ಆ ಮೂವರಲ್ಲಿ ಎಷ್ಟು ಜನರನ್ನು ಹಿಡಿಯಿತು ಎಂದು ಕೇಳಬೇಕು. ಆಮೇಲೆ, 'ವಸೂಲಿ ನೋಟಿಸುಗಳ ಸಂಖ್ಯೆ' ಎಂಬ ಕಾಲಂ ಮಾದರಿಯೊಳಗೆ ಸೇರಿದ್ದರೆ ಅದನ್ನು ತೆಗೆದುಹಾಕಬೇಕು. ನೋಟಿಸು ಹೋಗುವುದು ಸಾಲ ಕೊಟ್ಟು ಕಂತು ತಪ್ಪಿದ ಮೇಲೆ. ಸಾಲ ಕೊಡುವ ದಿನ ಆ ಅಂಕಿ ಯಾರ ಬಳಿಯೂ ಇರುವುದಿಲ್ಲ.

ನಮ್ಮ ಕಡೆಯ ಹುಡುಗರಿಗೆ ಇಂಗ್ಲಿಷಿನದೇ ಹೆದರಿಕೆ. ನಾನು ಪ್ರತಿ ಫಲಿತಾಂಶವನ್ನು ಮೊದಲು ಕನ್ನಡದಲ್ಲಿ ಎರಡು ಸಾಲು ಬರೆದು, ಘಟಕದ ಹಳೆಯ ಮಾಲೀಕರಿಗೆ ಓದಿ ಹೇಳುತ್ತಿದ್ದೆ. "ಅದಕ್ಕೆ ನಾನೇನು ಮಾಡಬೇಕಪ್ಪಾ?" ಎಂದು ಅವರು ಕೇಳಿದರೆ ಬರಹ ಇನ್ನೂ ಸಿದ್ಧವಾಗಿಲ್ಲ ಎಂದರ್ಥ. ಆ ಎರಡು ಸಾಲು ಗಟ್ಟಿಯಾದ ಮೇಲೆ ಅದನ್ನು ಹರಕು ಇಂಗ್ಲಿಷಿನಲ್ಲಿ ಹೇಳಿದರೂ ಕೇಳುವವರಿಗೆ ಅರ್ಥವಾಗುತ್ತದೆ.

ಸಂದರ್ಶನದಲ್ಲಿ ಕೇಳದಿದ್ದರೂ ಕೆಲಸಕ್ಕೆ ಸೇರಿದ ಮೊದಲ ವಾರವೇ ಬೇಕಾದವು ಎರಡು ಇವೆ. 05/04 ಎಂದರೆ ಏಪ್ರಿಲ್ 5ರೋ ಮೇ 4ರೋ ಎಂದು ಫೈಲ್ ಕೊಟ್ಟವರನ್ನೇ ಕೇಳಿ, ಪಾಂಡಾಸ್‌ನ ಊಹೆಗೆ ಬಿಡಬೇಡಿ. 1,25,000 ಎಂದು ಅಲ್ಪವಿರಾಮ ಹಾಕಿದ ಅಂಕಿಯನ್ನು ಅದು ಸಂಖ್ಯೆ ಎಂದು ಓದುವುದಿಲ್ಲ, ಪಠ್ಯವೆಂದು ಓದುತ್ತದೆ; ಫೈಲ್ ತೆರೆಯುವಾಗಲೇ ಅಲ್ಪವಿರಾಮವನ್ನು ಬಿಟ್ಟು ಓದುವಂತೆ ಹೇಳಿಬಿಡಿ.