ಟೀಚರ್ ತರಬೇತಿ: ಮೊದಲ 10 ನಿಮಿಷ ಗೊತ್ತಿಲ್ಲದ ಭಾಷೆಯಲ್ಲಿ

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಅನ್ನುವ ಮಕ್ಕಳ ಟೀಚರ್‌ಗಳಿಗೆ ತರಬೇತಿ ಕೊಡುವಾಗ, ಮೊದಲ 10 ನಿಮಿಷ ಅವರಿಗೆ ಬಾರದ ಭಾಷೆಯಲ್ಲೇ ಪಾಠ ಮಾಡಿ. ನಾನು ಭಿನ್ನರಾಶಿಯನ್ನು ಮಲಯಾಳಂನಲ್ಲಿ ಹೇಳುತ್ತೇನೆ. ಮೊದಲು ಬರೀ ಮಾತು. ಎಲ್ಲರೂ ಸುಮ್ನೆ ತಲೆಯಾಡಿಸುತ್ತಾರೆ, ಥೇಟ್ ನಮ್ಮ ಮಕ್ಕಳ ಹಾಗೆ! ಆಮೇಲೆ ಅದೇ ಪಾಠ, ಚಪಾತಿ ಹರಿದು ತೋರಿಸುತ್ತಾ, ಪಕ್ಕದವರ ಜೊತೆ ಕನ್ನಡದಲ್ಲಿ ಮಾತಾಡಲು ಬಿಟ್ಟು. ಈಗ ಅರ್ಧ, ಕಾಲು ಥಟ್ಟನೆ ಬರುತ್ತೆ. ಲೆಕ್ಕ ಗೊತ್ತಿದ್ದೂ ಬಾಯಿ ಕಟ್ಟುವುದು ಹೇಗೆ ಅಂತ ಅವರಿಗೇ ಅನುಭವವಾಗುತ್ತೆ. ಮಗು ಸುಮ್ಮನಿದ್ದರೆ ದಡ್ಡ ಅನ್ನುವುದು ಕಡಿಮೆಯಾಗುತ್ತೆ. ಮಂಗಳೂರು ಕಡೆ ಮಲಯಾಳಂ, ಬಳ್ಳಾರಿ ಕಡೆ ತೆಲುಗು ಬೇಡ, ಎಷ್ಟೋ ಜನಕ್ಕೆ ಬರುತ್ತೆ. ಜಾಸ್ತಿ ಎಳೆದರೂ ಕೆಡುತ್ತೆ, ಮೊಬೈಲ್ ಹೊರಗೆ ಬರುತ್ತವೆ.